ಆರು ತಿಂಗಳು ಜರ್ಮನಿಗೆ ಹೋಗಿ ಮಗಳು ಕಲಿಯುವುದಾದರೂ ಏನು?

ಪ್ರಶ್ನೆ: ಮೇಡಂ, ನಮ್ಮದು ಚನ್ನಗಿರಿ ಕಡೆ. ನಾಲ್ಕು ಎಕರೆ ಅಡಿಕೆ ತೋಟ ಇದೆ. ಮಗಳು ಬೆಂಗಳೂರಿನಲ್ಲಿ ಒಂದು ಸ್ವಾಯತ್ತ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಳೆ, ಈಗ ಐದನೇ ಸೆಮಿಸ್ಟರ್, ಸಿಜಿಪಿಎ (ಒಟ್ಟು ಸರಾಸರಿ) ಹತ್ತಕ್ಕೆ 8.8. ಆರನೇ ಸೆಮಿಸ್ಟರನ್ನು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಾಲೇಜಿನಲ್ಲಿ ಓದಲು ಆಯ್ಕೆಯಾಗಿದ್ದಾಳೆ. ಅಲ್ಲಿ ಫೀಸು ಇಲ್ಲವಂತೆ, ಆದರೆ ಬ್ಯಾಂಕಿನಲ್ಲಿ ಆರು ಲಕ್ಷ ಇಡಬೇಕಂತೆ. ಫಸಲನ್ನು ಮರದಲ್ಲೇ ಖೇಣಿ ಕೊಟ್ಟ ದುಡ್ಡು ಸ್ವಲ್ಪ ಬಂದಿದೆ, ಸಾಲದಿದ್ದರೆ ಒಡವೆ ಅಡ ಇಡುತ್ತೇನೆ. ನನ್ನ ಚಿಂತೆ ದುಡ್ಡಿನದಲ್ಲ. ನನ್ನ ಭಾಮೈದ ಬೆಂಗಳೂರಿನಲ್ಲೇ ಇರುವವನು, "ಅದೆಲ್ಲ ಟೂರು ಭಾವ, ಆರು ತಿಂಗಳಲ್ಲಿ ಏನು ಕಲೀತಾರೆ? ಮಾರ್ಕ್ಸ್ ಇಳಿಯುತ್ತೆ, ಕ್ಯಾಂಪಸ್ ಕೆಲಸ ತಪ್ಪುತ್ತೆ" ಅನ್ನುತ್ತಾನೆ. ಮಗಳು ಊಟ ಬಿಟ್ಟು ಕೂತಿದ್ದಾಳೆ. ಒಬ್ಬಳೇ ಎಲ್ಲೂ ಇದ್ದವಳಲ್ಲ, ಹಾಸ್ಟೆಲಿನಲ್ಲೂ ಚಿಕ್ಕಪ್ಪನ ಮಗಳು ಜೊತೆಗಿದ್ದಾಳೆ. ಇಲ್ಲಿ ಸಿಗದ್ದು ಅಲ್ಲಿ ಏನು ಸಿಗುತ್ತದೆ? ನೇರವಾಗಿ ಹೇಳಿ. (ಅವಳ ತಾಯಿ ಕೇಳುತ್ತಿದ್ದಾಳೆ: ಕುಕ್ಕರ್ ಕಳಿಸಬಹುದಾ?)

ಉತ್ತರ: ಕುಕ್ಕರಿನ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ, ಅದೇನೂ ಸಣ್ಣ ಪ್ರಶ್ನೆಯಲ್ಲ.

ಮೊದಲು ನಿಮ್ಮ ಭಾಮೈದನ ಮಾತು. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಕಾಲೇಜೊಂದರ ವಿದೇಶ ವಿನಿಮಯ ವಿಭಾಗದಲ್ಲಿ ಕೂತು ಹದಿನೇಳು ವರ್ಷ ಮಕ್ಕಳನ್ನು ಕಳಿಸಿದ್ದೇನೆ, ಕರೆದುಕೊಂಡೂ ಇದ್ದೇನೆ. ಟೂರು ಮಾಡಿಯೇ ವಾಪಸ್ ಬಂದವರು ಇದ್ದಾರೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಪ್ರಾಗ್, ಮುಂದಿನ ವಾರ ಪ್ಯಾರಿಸ್, ಆಮೇಲೆ ಆಮ್‌ಸ್ಟರ್‌ಡ್ಯಾಮ್. ವಾರದ ದಿನಗಳಲ್ಲಿ ಆರು ಜನ ಭಾರತದ ಹುಡುಗರು ಒಂದೇ ಅಡುಗೆಮನೆಯಲ್ಲಿ ಅನ್ನ ಸಾರು ಮಾಡಿಕೊಂಡು, ಲ್ಯಾಪ್‌ಟಾಪಿನಲ್ಲಿ ಐಪಿಎಲ್ ನೋಡಿಕೊಂಡು ಕಾಲ ಕಳೆದರು. ಬಂದಾಗ ಫೋನ್ ತುಂಬ ಫೋಟೋ ಇತ್ತು. "ಏನು ಕಲಿತೆಯಪ್ಪಾ?" ಅಂದರೆ "ಎಕ್ಸ್‌ಪೋಷರ್ ಮೇಡಂ" ಅಂದರು. ಆ ಪದ ಕಿವಿಗೆ ಬಿದ್ದ ತಕ್ಷಣ ನನಗೆ ಗೊತ್ತಾಗುತ್ತದೆ, ಇವನು ಏನೂ ಕಲಿತಿಲ್ಲ ಎಂದು.

ಇದಕ್ಕೆ ಉಲ್ಟಾ ಇರುವ ಭ್ರಮೆಯೂ ಒಂದಿದೆ, ಅದು ಕಾಲೇಜಿನವರೇ ಹಬ್ಬಿಸುವುದು: ಅಲ್ಲಿಯ ಪಾಠವೇ ಬೇರೆ ಮಟ್ಟದ್ದು ಎಂದು. ಹಾಗೇನಿಲ್ಲ. ಉಷ್ಣಗತಿ ವಿಜ್ಞಾನದ ಎರಡನೇ ನಿಯಮ ಸ್ಟುಟ್‌ಗಾರ್ಟಿನಲ್ಲೂ ಅದೇ, ಚನ್ನಗಿರಿಯಲ್ಲೂ ಅದೇ. ಲೆಕ್ಕ ಬಿಡಿಸುವುದರಲ್ಲಿ ನಮ್ಮ ಮಕ್ಕಳು ಅಲ್ಲಿಯವರಿಗಿಂತ ಚುರುಕು. ಮೊದಲ ತಿಂಗಳು ಅವರಿಗೆ "ಇಷ್ಟೇನಾ?" ಅನ್ನಿಸುತ್ತದೆ. ಪಾಠಕ್ಕಾಗಿಯೇ ಕಳಿಸುವುದಾದರೆ ನಾನೂ ನಿಮಗೆ ಬೇಡ ಎನ್ನುತ್ತಿದ್ದೆ.

ಹಾಗಾದರೆ ಬೇರೆ ಏನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಅಲ್ಲಿ ಯಾರೂ ಅವಳನ್ನು ಕೇಳುವುದಿಲ್ಲ. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ.

ನಮ್ಮ ವ್ಯವಸ್ಥೆ ನೋಡಿ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದ ಪ್ರಕಾರ ಹಾಜರಾತಿ 85% ಇರಬೇಕು. ಕಡಿಮೆಯಾದರೆ ನಿಮಗೆ ಫೋನ್ ಬರುತ್ತದೆ. ನೂರು ಅಂಕದಲ್ಲಿ ಐವತ್ತು ಅಂಕ ಸೆಮಿಸ್ಟರ್ ನಡೆಯುತ್ತಿರುವಾಗಲೇ ಇಂಟರ್ನಲ್ಸ್, ಅಸೈನ್‌ಮೆಂಟ್, ಕ್ವಿಜ್ ಎಂದು ಚೂರು ಚೂರಾಗಿ ಕೈಗೆ ಬಂದಿರುತ್ತದೆ. ಪರೀಕ್ಷೆ ಫೀಸು ಕಟ್ಟದಿದ್ದರೆ ಆಫೀಸಿನವರು ಹುಡುಕಿಕೊಂಡು ಬರುತ್ತಾರೆ. ಪ್ರೊಕ್ಟರ್ ಇದ್ದಾರೆ, ಕ್ಲಾಸ್ ಟೀಚರ್ ಇದ್ದಾರೆ, ವಾಟ್ಸಾಪ್ ಗುಂಪಿದೆ. ಹುಡುಗಿ ಓದುತ್ತಾಳೆ ನಿಜ, ಆದರೆ ಯಾರೋ ಹಿಂದಿನಿಂದ ತಳ್ಳುತ್ತಲೇ ಇರುತ್ತಾರೆ. ಇದು ಕೆಟ್ಟದ್ದು ಅನ್ನುತ್ತಿಲ್ಲ. ಒಂದು ತರಗತಿಯಲ್ಲಿ ಅರವತ್ತು ಜನರನ್ನು ದಡ ಮುಟ್ಟಿಸಬೇಕಾದರೆ ಹೀಗೇ ಮಾಡಬೇಕಾಗುತ್ತದೆ, ನಾನೂ ಮಾಡಿದ್ದೇನೆ.

ಜರ್ಮನಿಯಲ್ಲಿ ಹೆಚ್ಚಿನ ವಿಷಯಗಳಿಗೆ ಹಾಜರಾತಿ ತೆಗೆದುಕೊಳ್ಳುವುದೇ ಇಲ್ಲ. ಹೋದರೆ ಹೋದೆ, ಬಿಟ್ಟರೆ ಬಿಟ್ಟೆ. ಬಹುತೇಕ ವಿಷಯಗಳಿಗೆ ಇಂಟರ್ನಲ್ಸ್ ಇಲ್ಲ. ಕೊನೆಯಲ್ಲಿ ಒಂದು ಪರೀಕ್ಷೆ, ಇಲ್ಲವೇ ಒಂದು ಪ್ರಾಜೆಕ್ಟ್ ವರದಿ, ಅದೇ ಪೂರ್ತಿ ಅಂಕ. ಆ ಪರೀಕ್ಷೆಗೂ ಅವಳೇ ನಿಗದಿತ ದಿನಾಂಕದೊಳಗೆ ಆನ್‌ಲೈನಿನಲ್ಲಿ ನೋಂದಾಯಿಸಬೇಕು. ತಪ್ಪಿದರೆ ಯಾರೂ ಫೋನ್ ಮಾಡುವುದಿಲ್ಲ. ನಾನು ಕಳಿಸಿದ ಒಬ್ಬ ಹುಡುಗ ಇಡೀ ಸೆಮಿಸ್ಟರ್ ಶ್ರದ್ಧೆಯಿಂದ ಓದಿ, ಎರಡು ವಿಷಯಕ್ಕೆ ನೋಂದಾಯಿಸುವುದನ್ನೇ ಮರೆತಿದ್ದ. ಪ್ರೊಫೆಸರ್ ಹತ್ತಿರ ಹೋಗಿ "ಸರ್, ಪ್ಲೀಸ್" ಅಂದನಂತೆ. ಅವರು ಬಹಳ ಸೌಜನ್ಯದಿಂದ ಕೂರಿಸಿ, ದಿನಾಂಕ ಮುಗಿದಿದೆ ಎಂದು ಹೇಳಿ, ಕಳಿಸಿಕೊಟ್ಟರು. ಅಲ್ಲಿಯವರಿಗಾದರೆ ಮುಂದಿನ ಸೆಮಿಸ್ಟರಿನಲ್ಲಿ ಬರೆಯಬಹುದು, ವಿನಿಮಯದಲ್ಲಿ ಹೋದವನು ಅಷ್ಟರಲ್ಲಿ ಬೆಂಗಳೂರಿನಲ್ಲಿರುತ್ತಾನೆ. ಆ ಎರಡು ವಿಷಯ ಇಲ್ಲಿ ಬಂದು ಜೂನಿಯರ್‌ಗಳ ಜೊತೆ ಕೂತು ಮುಗಿಸಿದ. ಅವನು ಈಗ ಏನೇ ಮರೆತರೂ ದಿನಾಂಕ ಮರೆಯುವುದಿಲ್ಲ.

ಇನ್ನೊಂದು, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು: ಲ್ಯಾಬ್. ನಮ್ಮಲ್ಲಿ ರೆಕಾರ್ಡ್ ಬರೆಯುವ ಪದ್ಧತಿ ನಿಮ್ಮ ಮಗಳನ್ನು ಕೇಳಿ ನೋಡಿ, ನಗುತ್ತಾಳೆ. ಸೀನಿಯರ್ ರೆಕಾರ್ಡ್ ಸಿಗುತ್ತದೆ, ಅಳತೆ ಹೇಗೆ ಬರಬೇಕು ಎಂದು ಮೊದಲೇ ಗೊತ್ತಿರುತ್ತದೆ, ಬಾರದಿದ್ದರೆ ಬರುವಂತೆ "ಅಡ್ಜಸ್ಟ್" ಮಾಡಲಾಗುತ್ತದೆ. ಗ್ರಾಫಿನ ಮೇಲೆ ಚುಕ್ಕೆಗಳು ರೇಖೆಯ ಮೇಲೇ ಮುತ್ತು ಪೋಣಿಸಿದ ಹಾಗೆ ಕೂತಿರುತ್ತವೆ. ನಮ್ಮ ಇನ್ನೊಬ್ಬ ವಿದ್ಯಾರ್ಥಿನಿ ಅಲ್ಲಿ ಪಂಪಿನ ದಕ್ಷತೆ ಅಳೆಯುವ ಪ್ರಯೋಗಕ್ಕೆ ಅಂಥದ್ದೇ ಒಂದು ಮುದ್ದಾದ ವರದಿ ಕೊಟ್ಟಳು. ಲ್ಯಾಬ್ ನೋಡಿಕೊಳ್ಳುವವರು ನಿಜವಾದ ಅಳತೆಯ ಹಾಳೆ ಕೇಳಿದರು. ತಡವರಿಸಿದಳು. ಅವರು ಬೈಯಲಿಲ್ಲ. ಅಳತೆ ತಪ್ಪಿದ್ದರೆ ತಪ್ಪಿದ್ದನ್ನೇ ಬರೆ, ಯಾಕೆ ತಪ್ಪಿತು ಅನ್ನುವುದಕ್ಕೇ ಅಂಕ ಇರುವುದು ಎಂದರಂತೆ. ಮತ್ತೆ ಎರಡು ದಿನ ಕೂತು ನೋಡಿದರೆ ಪೈಪಿನ ಒಂದು ಜೋಡಣೆಯಲ್ಲಿ ಗಾಳಿ ಎಳೆದುಕೊಳ್ಳುತ್ತಿತ್ತು. "ಮೇಡಂ, ಮೂರು ವರ್ಷದಲ್ಲಿ ನಾನು ಮೊದಲ ಸಲ ಒಂದು ಯಂತ್ರವನ್ನು ನೋಡಿದೆ" ಎಂದು ಆ ರಾತ್ರಿ ನನಗೆ ಮೆಸೇಜು ಮಾಡಿದ್ದಳು. ಬೋರ್‌ವೆಲ್ ಪಂಪು ಗಾಳಿ ಎಳೆದರೆ ಏನಾಗುತ್ತದೆ ಎಂದು ನಿಮಗೆ ಯಾವ ಪ್ರೊಫೆಸರೂ ಹೇಳಿಕೊಡಬೇಕಿಲ್ಲ. ಅಂಥ ಮನೆಯಿಂದ ಬಂದ ಮಕ್ಕಳೇ ಕಾಲೇಜಿಗೆ ಬಂದ ಮೇಲೆ ಕಣ್ಣಿನಿಂದ ನೋಡುವುದನ್ನು ಬಿಟ್ಟು ರೆಕಾರ್ಡ್ ನೋಡುವುದನ್ನು ಕಲಿಯುತ್ತಾರೆ, ಅದು ನನ್ನ ಹಳೆಯ ಸಂಕಟ.

ತರಗತಿಯ ಹೊರಗೂ ಹೀಗೇ. ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಾಸದ ನೋಂದಣಿ ಆಗಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಾಗಬೇಕಾದರೆ ಕೋಣೆ ಕೊಟ್ಟವರ ಸಹಿ ಬೇಕು. ಬ್ಯಾಂಕು, ವಿಮೆ, ತಿಂಗಳ ಹಣ ಎಲ್ಲವೂ ಒಂದನ್ನೊಂದು ಕಾಯುತ್ತಾ ನಿಂತಿರುತ್ತವೆ, ಒಂದು ಕಾಗದ ತಡವಾದರೆ ಉಳಿದದ್ದೂ ತಡ. ಮೊದಲ ಮೂರು ವಾರ ಎಲ್ಲ ಮಕ್ಕಳೂ ಅಳುತ್ತಾರೆ, ಕೆಲವರು ನನ್ನ ಹತ್ತಿರ, ಉಳಿದವರು ಬಾತ್‌ರೂಮಿನಲ್ಲಿ. ಆ ಕಡೆ, ಅಂದರೆ ಶ್ವಾಬಿಯಾ ಸೀಮೆಯಲ್ಲಿ, ಕೇರ್‌ವೋಖೆ ಎಂಬ ಪದ್ಧತಿಯೂ ಇದೆ: ಮೆಟ್ಟಿಲು, ಬಾಗಿಲ ಮುಂದಿನ ದಾರಿ ಗುಡಿಸಿ ಒರೆಸುವುದು ವಾರಕ್ಕೊಂದು ಮನೆಯ ಸರದಿ. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. ಊರಿನಲ್ಲಿ ಅಂಗಳ ಗುಡಿಸಿ ರಂಗೋಲಿ ಹಾಕಿ ಬೆಳೆದ ಹುಡುಗಿಗೆ ಇದು ಕಷ್ಟವಲ್ಲ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದ ಹುಡುಗರ ಪಾಡು ಮಾತ್ರ ಕೇಳಬೇಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಹಾಲು ತರದಿದ್ದರೆ ಭಾನುವಾರ ಕಾಫಿ ಇಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಎಣ್ಣೆ ಕಾಯಿಸಿ ಜೋರಾಗಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗಿ ಇಡೀ ಕಟ್ಟಡ ಕೆಳಗಿಳಿಯುತ್ತದೆ. ಅಗ್ನಿಶಾಮಕದವರು ಬಂದರೆ ಬಿಲ್ಲೂ ಬರಬಹುದು.

ಇನ್ನು ಅಂಕ. ಇಲ್ಲಿ ನಿಮ್ಮ ಭಾಮೈದನ ಭಯಕ್ಕೆ ಆಧಾರವಿದೆ, ಆದರೆ ಅವರು ತಿಳಿದುಕೊಂಡಷ್ಟು ಇಲ್ಲ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ಮಗಳು ಫೋನಿನಲ್ಲಿ "2.3 ಬಂತು ಅಪ್ಪಾ" ಅಂದರೆ ಗಾಬರಿಯಾಗಬೇಡಿ, ಅದು ಅಲ್ಲಿ "ಚೆನ್ನಾಗಿದೆ" ಎಂಬ ಶ್ರೇಣಿ. ತೊಂದರೆ ಬರುವುದು ಅದನ್ನು ನಮ್ಮ ಹತ್ತರ ಮಾಪನಕ್ಕೆ ತಿರುಗಿಸುವಾಗ. ಬವೇರಿಯನ್ ಸೂತ್ರ ಎಂಬುದೊಂದಿದೆ, ಜರ್ಮನಿಯವರು ನಮ್ಮ ಅಂಕವನ್ನು ತಮ್ಮದಕ್ಕೆ ಬದಲಿಸಿಕೊಳ್ಳಲು ಬಳಸುವುದು. ನಮ್ಮ ಕೆಲವು ಕಾಲೇಜುಗಳು ಅದನ್ನೇ ಹಿಂದುಮುಂದು ಮಾಡಿ ಹಾಕುತ್ತವೆ. ಪಾಸಿಗೆ 4, ಗರಿಷ್ಠ 10 ಎಂದಿಟ್ಟರೆ ಆ 2.3 ಇಲ್ಲಿಗೆ ಬರುವಾಗ 7.4 ಆಗುತ್ತದೆ. 8.8 ಇರುವ ಹುಡುಗಿಗೆ ಇದು ಇಳಿತವೇ.

ಎಷ್ಟು ಇಳಿತ? ಲೆಕ್ಕ ಹಾಕೋಣ. ಐದು ಸೆಮಿಸ್ಟರಿನಲ್ಲಿ ಸುಮಾರು 100 ಕ್ರೆಡಿಟ್ 8.8ರಲ್ಲಿ ಮುಗಿದಿದೆ ಎಂದಿಟ್ಟುಕೊಳ್ಳಿ. ಆರನೆಯದು 20 ಕ್ರೆಡಿಟ್, 7.4. ಒಟ್ಟು ಸರಾಸರಿ 8.57. ಮುಂದಿನ ಎರಡು ಸೆಮಿಸ್ಟರಿನಲ್ಲಿ ಮತ್ತೆ 8.8 ತೆಗೆದರೆ 160 ಕ್ರೆಡಿಟ್ ಮುಗಿಯುವಾಗ 8.62ರ ಆಸುಪಾಸು. ಇಷ್ಟಕ್ಕೆ ಅವಳ ಕೆಲಸ ತಪ್ಪುವುದಿಲ್ಲ. ಕಂಪನಿಗಳು ಸೋಸುವುದು ಸಾಮಾನ್ಯವಾಗಿ ಆರೂವರೆ, ಏಳು, ಎಲ್ಲೋ ಕೆಲವು ಎಂಟರ ಗೆರೆಯಲ್ಲಿ. ಅವಳ ಸಿಜಿಪಿಎ 7.1 ಇದ್ದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದಿದ್ದರಂತೂ ಹೋಗಲೇಬೇಡ ಅನ್ನುತ್ತಿದ್ದೆ. ಕೆಲವು ಕಾಲೇಜುಗಳು ಹೊರಗಿನ ಸೆಮಿಸ್ಟರಿಗೆ ಪಾಸು ಎಂದಷ್ಟೇ ಬರೆದು ಸಿಜಿಪಿಎಗೆ ಸೇರಿಸುವುದಿಲ್ಲ. ನಿಮ್ಮ ಕಾಲೇಜಿನದು ಯಾವ ಪದ್ಧತಿ? ಇದನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಡಲು ಹೇಳಿ.

ಅದಕ್ಕಿಂತ ದೊಡ್ಡ ಅಪಾಯ ವಿಷಯ ಹೊಂದಾಣಿಕೆಯದು. ಅಲ್ಲಿ ಓದುವ ಯಾವ ವಿಷಯ ಇಲ್ಲಿಯ ಯಾವುದಕ್ಕೆ ಸಮ ಎಂದು ಎರಡೂ ಕಡೆಯವರು ಸಹಿ ಹಾಕುವ ಒಂದು ಒಪ್ಪಂದ ಪತ್ರ ಇರುತ್ತದೆ, ಲರ್ನಿಂಗ್ ಅಗ್ರಿಮೆಂಟ್ ಅನ್ನುತ್ತಾರೆ. ಹೋಗುವ ಮೊದಲು ಮಾಡಿದ್ದು ಹೋದ ಮೇಲೆ ಹಾಗೇ ಉಳಿಯುವುದು ಕಡಿಮೆ. ಇಂಗ್ಲಿಷಿನಲ್ಲಿ ಎಂದು ಪಟ್ಟಿಯಲ್ಲಿದ್ದ ವಿಷಯ ಆ ಸಲ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ, ಅಥವಾ ಎರಡು ತರಗತಿ ಒಂದೇ ಸಮಯಕ್ಕೆ ಬೀಳುತ್ತವೆ. ಆಗ ಬದಲಿಸಿದ ವಿಷಯಕ್ಕೆ ಇಲ್ಲಿಯ ವಿಭಾಗ ಮುಖ್ಯಸ್ಥರ ಹೊಸ ಸಹಿ ಬೇಕು. ಅದನ್ನು ಮಾಡಿಸದೆ "ಆಮೇಲೆ ನೋಡೋಣ" ಅಂದುಕೊಂಡು ಬಂದವರೇ ಮಾರ್ಕ್ಸ್ ಕಾರ್ಡ್ ಹಿಡಿದು ನನ್ನ ಬಾಗಿಲಲ್ಲಿ ನಿಂತಿರುವುದು. ವಿಷಯಗಳ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಯುರೋಪಿನ ಲೆಕ್ಕದಲ್ಲಿ ಒಂದು ಸೆಮಿಸ್ಟರ್ ಎಂದರೆ 30 ಇಸಿಟಿಎಸ್, ಅಂದರೆ ಅಲ್ಲಿಯ ಕ್ರೆಡಿಟ್. ಜರ್ಮನಿಯಲ್ಲಿ ಒಂದಕ್ಕೆ ಸುಮಾರು 30 ಗಂಟೆ ದುಡಿಮೆ, ಒಟ್ಟು 900 ಗಂಟೆ. ಕಾಲೇಜು ಒಪ್ಪಿದರೆ 20–25ಕ್ಕೆ ನಿಲ್ಲಿಸುವುದು ಜಾಣತನ, ಅದರಲ್ಲಿ ಒಂದು ಪ್ರಾಜೆಕ್ಟ್ ಇರಲಿ.

ಕ್ಯಾಂಪಸ್ ಕೆಲಸ ತಪ್ಪುವುದಾದರೆ ಅದಕ್ಕೆ ಕಾರಣ ಅಂಕವಲ್ಲ, ಪಂಚಾಂಗ. ಜರ್ಮನಿಯ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆ ಸೆಮಿಸ್ಟರಿನ ಪಾಠ ಏಪ್ರಿಲ್ ನಡುವೆ ಶುರುವಾಗಿ ಜುಲೈವರೆಗೆ ನಡೆಯುತ್ತದೆ, ಕೆಲವು ಪರೀಕ್ಷೆಗಳು ಆಗಸ್ಟ್, ಸೆಪ್ಟೆಂಬರಿಗೂ ಹೋಗುತ್ತವೆ. ನಮ್ಮಲ್ಲಿ ಏಳನೇ ಸೆಮಿಸ್ಟರಿನ ಬಾಗಿಲಲ್ಲೇ ಕಂಪನಿಗಳು ಬಂದು ನಿಂತಿರುತ್ತವೆ. ಆದರೆ ನೀವು "ಕಾಲೇಜು" ಎಂದು ಬರೆದದ್ದು ಬಹುಶಃ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯ, ಅಲ್ಲಿ ಹೋಖ್‌ಶೂಲೆ ಅನ್ನುತ್ತಾರೆ. ಅವುಗಳಲ್ಲಿ ಪಾಠ ಮಾರ್ಚ್ ನಡುವೆಯೇ ಶುರುವಾಗಿ, ಸಾಮಾನ್ಯವಾಗಿ ಜುಲೈ ಒಳಗೆ ಪರೀಕ್ಷೆಯೂ ಮುಗಿಯುತ್ತದೆ. ನಮ್ಮ ಪಂಚಾಂಗಕ್ಕೆ ಇದು ಹೆಚ್ಚು ಹೊಂದುತ್ತದೆ. ಮಗಳ ಕೊನೆಯ ಪರೀಕ್ಷೆಯ ದಿನಾಂಕ ತಿಳಿದುಕೊಂಡು, ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಕಂಡು, ಅಲ್ಲಿಂದಲೇ ಆನ್‌ಲೈನ್ ಪರೀಕ್ಷೆ ಬರೆಯಲು ಬಿಡುತ್ತಾರೋ ಎಂದು ಕೇಳಲಿ. ಹೆಚ್ಚಿನ ಕಂಪನಿಗಳ ಮೊದಲ ಸುತ್ತು ಈಗ ಆನ್‌ಲೈನಿನಲ್ಲೇ ನಡೆಯುವುದರಿಂದ ಇದು ಮೊದಲಿನಷ್ಟು ಕಷ್ಟವಲ್ಲ.

ನೀವು ಬರೆಯದ ಒಂದು ಆಸೆಯೋ ಭಯವೋ ಇರಬಹುದು: ಹಾಗೇ ಅಲ್ಲಿಯೇ ಕೆಲಸ ಸಿಕ್ಕಿ ಉಳಿದುಬಿಡುತ್ತಾಳಾ? ಇಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಅವಕಾಶ ಕೊಡುತ್ತಾರೆ ಎಂದು ಏಜೆಂಟರು ಹೇಳುವುದು ಸುಳ್ಳಲ್ಲ, ಆದರೆ ಅದು ಅಲ್ಲಿ ಪದವಿಯನ್ನೇ ಮುಗಿಸಿದವರಿಗೆ. ಒಂದು ಸೆಮಿಸ್ಟರಿಗೆ ಹೋದವರಿಗೆ ಅನ್ವಯಿಸುವುದಿಲ್ಲ. ಸ್ಟುಟ್‌ಗಾರ್ಟ್ ಎಂದರೆ ಬಾಷ್, ಮರ್ಸಿಡಿಸ್‌ಗಳ ತವರು ನಿಜ. ಆದರೆ ಬಾಷ್ ಕಂಪನಿ, ಮೊದಲು ಮೈಕೋ ಎಂಬ ಹೆಸರಿನಲ್ಲಿ, ಈಗ ತನ್ನದೇ ಹೆಸರಿನಲ್ಲಿ, 1950ರ ದಶಕದಿಂದಲೂ ಬೆಂಗಳೂರಿನಲ್ಲೇ ಇದೆ. ಜರ್ಮನಿಯ ಕಾರ್ಖಾನೆಯಲ್ಲಿ ಹೇಗೆ ಮಾತಾಡುತ್ತಾರೆ, ವರದಿ ಹೇಗೆ ಬರೆಯುತ್ತಾರೆ ಎಂದು ಗೊತ್ತಿರುವ ಹುಡುಗಿಗೆ ಅದರ ಲಾಭ ಸಿಗುವುದಿದ್ದರೆ ಇಲ್ಲಿಯೇ ಸಿಗುತ್ತದೆ.

ದುಡ್ಡಿನ ಚಿಂತೆ ಇಲ್ಲ ಅಂದಿರಿ. ನನಗೆ ಇದೆ. ಆ ಆರು ಲಕ್ಷ ಫೀಸಲ್ಲ. ವೀಸಾಕ್ಕೆ ಬೇಕಾದ ತಡೆಖಾತೆ, ಬ್ಲಾಕ್ಡ್ ಅಕೌಂಟ್. 2024ರ ಸೆಪ್ಟೆಂಬರಿನಿಂದ ತಿಂಗಳಿಗೆ 992 ಯೂರೋ ಲೆಕ್ಕ. ಆರು ತಿಂಗಳಿಗೆ 5,952 ಯೂರೋ. ಯೂರೋ ನೂರು ರೂಪಾಯಿ ಆಚೀಚೆ ಇರುವಾಗ ಅದೇ ನಿಮ್ಮ ಆರು ಲಕ್ಷ. ಆ ಹಣ ಅವಳದೇ, ತಿಂಗಳಿಗಿಷ್ಟು ಎಂದು ಅವಳ ಕೈಗೇ ಬರುತ್ತದೆ, ಅದರಲ್ಲೇ ಬಾಡಿಗೆ, ಊಟ, ವಿಮೆ. ಆದರೆ ಖಾತೆ ಚಾಲೂ ಆಗುವವರೆಗೆ ಕೈಯಲ್ಲಿ ಏನೂ ಇರುವುದಿಲ್ಲ. ಮೊದಲ ತಿಂಗಳಿಗೆ ಬೇರೆಯಾಗಿ ಸಾವಿರ ಯೂರೋನಾದರೂ ಇರಬೇಕು. ಅದರ ಮೇಲೆ ವಿಮಾನ, ವೀಸಾ, ಕೋಣೆಯ ಮುಂಗಡ. ಒಟ್ಟು ಎಂಟು ಲಕ್ಷ ಎಂದು ಇಟ್ಟುಕೊಳ್ಳಿ. ಮಿತವಾಗಿದ್ದರೆ ಅದರಲ್ಲಿ ಸ್ವಲ್ಪ ವಾಪಸ್ ಬರಬಹುದು. ಅರೆಕಾಲಿಕ ಕೆಲಸ ಮಾಡಿ ತೂಗಿಸುತ್ತಾಳೆ ಎಂದು ಮಾತ್ರ ಲೆಕ್ಕ ಹಾಕಬೇಡಿ. ಕಾನೂನು ಬಿಡುತ್ತದೆ, ಆದರೆ ಭಾಷೆ ಬಾರದೆ ನಾಲ್ಕು ತಿಂಗಳಿಗೆ ಕೆಲಸ ಕೊಡುವವರು ಕಡಿಮೆ, ಸಿಕ್ಕರೆ ಓದು ಹೋಗುತ್ತದೆ.

ಫೀಸಿನ ಬಗ್ಗೆ ಒಂದು ಎಚ್ಚರಿಕೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಎರಡು ಕಾಲೇಜುಗಳ ಒಪ್ಪಂದದಲ್ಲಿ ಹೋಗುವವರಿಗೆ ಇದು ಇಲ್ಲ. ಮಗಳ ಆಹ್ವಾನ ಪತ್ರದಲ್ಲಿ ವಿನಿಮಯ ವಿದ್ಯಾರ್ಥಿನಿ ಎಂದು ಸ್ಪಷ್ಟವಾಗಿ ಬರೆದಿದೆಯೇ ನೋಡಿಕೊಳ್ಳಿ. "ಸ್ಟಡಿ ಅಬ್ರಾಡ್" ಎಂಬ ಹೆಸರಿನಲ್ಲಿ ಹಣ ಕಟ್ಟಿ ಹೋಗುವ ದಾರಿಯೇ ಬೇರೆ, ಎರಡನ್ನೂ ಒಂದೇ ಎಂಬಂತೆ ಮಾತಾಡುವವರಿದ್ದಾರೆ.

ಒಡವೆ ಅಡ ಇಡುವ ಮಾತು ನನಗೆ ಒಪ್ಪಿಗೆಯಿಲ್ಲ. ಈ ಸೆಮಿಸ್ಟರ್ ಪದವಿಯಲ್ಲ, ಇದರಿಂದ ನಾಳೆಯೇ ಸಂಬಳ ಹೆಚ್ಚುವುದಿಲ್ಲ. ಖೇಣಿ ಹಣದಲ್ಲಿ ಆದರೆ ಕಳಿಸಿ, ಬಡ್ಡಿಯ ಮೇಲೆ ಕಳಿಸಬೇಡಿ. ಸಾಲದ ಹಣದಲ್ಲಿ ಹೋದ ಮಕ್ಕಳು ಅಲ್ಲಿ ಪ್ರತಿ ಯೂರೋ ಕೈಬಿಡುವಾಗಲೂ ತಂದೆಯ ಮುಖ ನೆನೆದು, ಕ್ಲಾಸಿನವರು ಕರೆದರೆ ಕಾಫಿಗೂ ಹೋಗದೆ ಕೋಣೆಯಲ್ಲಿ ಉಳಿದದ್ದನ್ನು ನೋಡಿದ್ದೇನೆ. ಕೋಣೆಯಲ್ಲಿ ಉಳಿಯಲು ಅಷ್ಟು ದೂರ ಹೋಗಬೇಕೇ? ಮಗಳು ಕಾಲೇಜಿನ ವಿದೇಶ ವಿಭಾಗದಲ್ಲಿ ಎರಾಸ್ಮಸ್ ಪ್ಲಸ್ ಅನುದಾನದ ಬಗ್ಗೆ ಕೇಳಲಿ. ಎರಡು ಸಂಸ್ಥೆಗಳ ನಡುವೆ ಅಂಥ ಯೋಜನೆ ಇದ್ದರೆ ಯುರೋಪಿನ ಹಣದಲ್ಲೇ ತಿಂಗಳ ಭತ್ಯೆ ಮತ್ತು ಪ್ರಯಾಣ ವೆಚ್ಚ ಸಿಗುತ್ತದೆ. ಎಲ್ಲ ಒಪ್ಪಂದಗಳಲ್ಲೂ ಇರುವುದಿಲ್ಲ, ಕೇಳದೆ ಯಾರೂ ಹೇಳುವುದೂ ಇಲ್ಲ.

ಒಬ್ಬಳೇ ಎಲ್ಲೂ ಇದ್ದವಳಲ್ಲ ಎಂದು ಬರೆದಿದ್ದೀರಿ. ಕಳಿಸದಿರಲು ಇದನ್ನು ಕಾರಣವಾಗಿ ಹೇಳುವ ಅಪ್ಪಂದಿರು ಬಹಳ. ನನಗೆ ಇದೇ ಕಳಿಸಲು ಕಾರಣ. ಬೇಸಿಗೆ ಸೆಮಿಸ್ಟರಿಗೆ ಹೋಗುತ್ತಿರುವುದು ಅವಳ ಪುಣ್ಯ. ಚಳಿಗಾಲಕ್ಕೆ ಹೋದವರಿಗೆ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗಿ ಮನಸ್ಸು ಕುಗ್ಗುತ್ತದೆ, ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಹೆಣ್ಣುಮಕ್ಕಳು ರಾತ್ರಿ ರೈಲಿನಲ್ಲಿ ಒಬ್ಬರೇ ಓಡಾಡುತ್ತಾರೆ. ಎಲ್ಲ ಊರಿನಂತೆ ಎಚ್ಚರಿಕೆ ಬೇಕು, ಆದರೆ ಬೆಂಗಳೂರಿನಲ್ಲಿ ಇದ್ದವಳಿಗೆ ಹೊಸದಾಗಿ ಹೇಳಿಕೊಡಬೇಕಾದ್ದು ಕಡಿಮೆ. "ಕೆಟ್ಟುಹೋಗುತ್ತಾಳಾ" ಎಂದು ನೀವು ಕೇಳಿಲ್ಲ, ಬಂಧುಗಳು ಕೇಳುತ್ತಾರೆ. ನಾನು ಕಂಡ ಮಟ್ಟಿಗೆ ಮಕ್ಕಳು ಅಲ್ಲಿ ಹೋಗಿ ಬೇರೆಯವರಾಗುವುದಿಲ್ಲ, ಇಲ್ಲಿ ಏನಿದ್ದರೋ ಅದೇ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ನಿಜವಾದ ತೊಂದರೆ ಒಂಟಿತನ. ಅದಕ್ಕೆ ಮದ್ದು ಎಂದು ಮನೆಯವರು ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡುತ್ತಾರೆ, ಅದು ಕೀವಿನ ಗಾಯಕ್ಕೆ ಅರಿಶಿನ ಮೆತ್ತಿ ಮುಚ್ಚಿದ ಹಾಗೆ. ಮೊಬೈಲಿನಲ್ಲಿ ಚನ್ನಗಿರಿಯಲ್ಲೇ ಇರುವ ಹುಡುಗಿ ಸ್ಟುಟ್‌ಗಾರ್ಟಿಗೆ ತಲುಪುವುದೇ ಇಲ್ಲ. ಬೇಸಿಗೆಯಲ್ಲಿ ಅಂತರ ಮೂರೂವರೆ ಗಂಟೆ. ನಿಮ್ಮ ರಾತ್ರಿ ಒಂಬತ್ತು ಅವಳಿಗೆ ಸಂಜೆ ಐದೂವರೆ. ಎರಡು ದಿನಕ್ಕೊಮ್ಮೆ ಆ ಹೊತ್ತಿಗೆ ಮಾತಾಡಿ, ಸಾಕು. ಹಾಸ್ಟೆಲಿನಲ್ಲಿ ಕೋಣೆ ಆರಿಸುವಾಗ ಬೇರೆ ಬೇರೆ ದೇಶದವರು ಅಡುಗೆಮನೆ ಹಂಚಿಕೊಳ್ಳುವ ಮಹಡಿಯನ್ನೇ ಕೇಳಲಿ. ನಾನು ಇಷ್ಟು ವರ್ಷ ಕಂಡಿದ್ದರಲ್ಲಿ ಟೂರು ಮಾಡಿ ಬಂದವರಿಗೂ ಕಲಿತು ಬಂದವರಿಗೂ ನಡುವಿನ ವ್ಯತ್ಯಾಸ ಹೆಚ್ಚಾಗಿ ಈ ಅಡುಗೆಮನೆಯಲ್ಲೇ ತೀರ್ಮಾನವಾಗಿದೆ. ಮಧ್ಯರಾತ್ರಿ ಚಹಾ ಕುಡಿಯುತ್ತಾ ಟರ್ಕಿಯ ಹುಡುಗಿಯೊಬ್ಬಳಿಗೆ ನಮ್ಮ ಜಾತಿ ಪದ್ಧತಿ ವಿವರಿಸಲು ಹೋಗಿ ತಡವರಿಸುವುದು, ಅವಳು ತನ್ನ ದೇಶದ ಬಗ್ಗೆ ಹೇಳಲು ಹೋಗಿ ತಡವರಿಸುವುದು, ಇದು ಯಾವ ಸಿಲೆಬಸ್ಸಿನಲ್ಲೂ ಇಲ್ಲ. ಸ್ಟುಟ್‌ಗಾರ್ಟಿನಿಂದ ನಲವತ್ತು ಕಿಲೋಮೀಟರಿನಷ್ಟು ದೂರದಲ್ಲಿ ಟ್ಯೂಬಿಂಗೆನ್ ಇದೆ, ನಮ್ಮ ಕಿಟೆಲ್ 1903ರಲ್ಲಿ ತೀರಿಕೊಂಡ ಊರು. ಆತ 1853ರಲ್ಲಿ ಇಪ್ಪತ್ತೊಂದರ ಹುಡುಗನಾಗಿ ಈ ಕಡೆ ಬಂದಾಗ ಮಿಷನ್ನಿನ ಕಾಂಪೌಂಡಿನೊಳಗೇ ಕೂತಿದ್ದರೆ 1894ರ ಆ ನಿಘಂಟು ನಮಗೆ ಸಿಗುತ್ತಿರಲಿಲ್ಲ. ಒಂದು ಭಾನುವಾರ ಹೋಗಿ ಬರಲಿ, ಅಂಗಡಿಗಳಂತೂ ಇರುವುದಿಲ್ಲ.

ಭಾಷೆಯ ವಿಷಯಕ್ಕೆ: ಪಾಠ ಇಂಗ್ಲಿಷಿನಲ್ಲೇ ಇದ್ದರೂ ಕಚೇರಿ, ಡಾಕ್ಟರು, ಪಕ್ಕದ ಮನೆಯ ಅಜ್ಜಿ ಎಲ್ಲ ಜರ್ಮನ್. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಅಥವಾ ಕಾಲೇಜಿನಲ್ಲೇ ಎ1 ಎಂಬ ಮೊದಲ ಹಂತ ಮುಗಿಸಿಕೊಂಡು ಹೋಗಲಿ.

ವಾಪಸ್ ಬಂದ ಮೇಲಿನ ಮಾತನ್ನು ಯಾರೂ ಪೋಷಕರಿಗೆ ಹೇಳುವುದಿಲ್ಲ. ಮೊದಲ ಒಂದೆರಡು ತಿಂಗಳು ಅವಳು ನಿಮಗೆ ಸ್ವಲ್ಪ ಕಿರಿಕಿರಿ ಅನ್ನಿಸುತ್ತಾಳೆ. "ಅಲ್ಲಿ ಹೀಗಲ್ಲ" ಎಂಬ ಮಾತು ದಿನಕ್ಕೆ ಹತ್ತು ಸಲ. ಹಾರ್ನ್ ಶಬ್ದಕ್ಕೆ ಮುಖ ಸಿಂಡರಿಸುತ್ತಾಳೆ, ತರಗತಿಯಲ್ಲಿ ಪ್ರಶ್ನೆ ಕೇಳಿ ಮೇಷ್ಟ್ರ ಕೋಪಕ್ಕೆ ಗುರಿಯಾಗುತ್ತಾಳೆ, ಮನೆಯಲ್ಲಿ ಮೌನವಾಗಿ ಕೂರುತ್ತಾಳೆ. ಇದು ಇಳಿಯುತ್ತದೆ. ಇಳಿದ ಮೇಲೂ ಕೆಲವು ಉಳಿಯಬಹುದು. ಮದುವೆಯ ಮಾತು ಬಂದಾಗ "ನನ್ನನ್ನೂ ಒಂದು ಮಾತು ಕೇಳಿ" ಎನ್ನುವುದು ಅದರಲ್ಲಿ ಒಂದು. ನಿಮಗೆ ಈಗಲೇ ತಿಳಿಸಿರುವುದು ಒಳ್ಳೆಯದು.

ಈಗ ಕಳಿಸದಿದ್ದರೆ ಬೇರೆ ದಾರಿಗಳೂ ಇವೆ. ಎಂಟನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಅಥವಾ ಇಂಟರ್ನ್‌ಶಿಪ್ಪಿಗೆ ಹೋಗುವುದು ಒಂದು. ಪ್ಲೇಸ್‌ಮೆಂಟ್ ಅಷ್ಟರಲ್ಲಿ ಮುಗಿದಿರುತ್ತದೆ, ಪರೀಕ್ಷೆಯ ಕಾಟವಿಲ್ಲ. ಆದರೆ ಕೆಲಸ ಕೊಟ್ಟ ಕಂಪನಿ ಅದೇ ಹೊತ್ತಿಗೆ ಇಂಟರ್ನ್ ಆಗಿ ಬಾ ಎಂದರೆ ಒಂದನ್ನು ಬಿಡಬೇಕು, ಪ್ರಾಜೆಕ್ಟ್ ಎಳೆದರೆ ಪದವಿಯೇ ತಡವಾಗುತ್ತದೆ. ಮೂರು ವಾರದ ಬೇಸಿಗೆ ಶಿಬಿರಗಳಿವೆ, ಎರಡು ಮೂರು ಲಕ್ಷ ಆಗುತ್ತದೆ. ಅದನ್ನು ನಿಮ್ಮ ಭಾಮೈದ ಟೂರು ಅಂದರೆ ನಾನು ತಕರಾರು ಮಾಡುವುದಿಲ್ಲ. ಪದವಿ ಮುಗಿಸಿ, ಎರಡು ವರ್ಷ ದುಡಿದು, ಸ್ವಂತ ಹಣದಲ್ಲಿ ಎಂಎಸ್ಸಿಗೆ ಹೋಗುವುದು ಇನ್ನೊಂದು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಈಗಲೂ ಬೋಧನಾ ಶುಲ್ಕ ಇಲ್ಲ. ಆ ಪದವಿಗೆ ತೂಕ ಜಾಸ್ತಿ, ಸಾಲ ಮಾಡಿದರೂ ಅರ್ಥವಿದೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ಹೊರಟವರು ನಾನು ಕಂಡಂತೆ ಕಡಿಮೆ, ಹೆಣ್ಣುಮಕ್ಕಳಂತೂ ಇನ್ನೂ ಕಡಿಮೆ. ಕಾರಣ ನಿಮಗೆ ಗೊತ್ತಿದೆ.

ನನ್ನ ಮಗಳಾಗಿದ್ದರೆ ಕಳಿಸುತ್ತಿದ್ದೆ. 8.8 ಇದೆ, ಬ್ಯಾಕ್‌ಲಾಗ್ ಇಲ್ಲ, ಸಮಯ ಹೊಂದುತ್ತದೆ, ಊಟ ಬಿಟ್ಟು ಕೂರುವಷ್ಟು ಆಸೆಯೂ ಇದೆ. ಕಾಲೇಜು ಅಂಕ ಹೇಗೆ ಸೇರಿಸುತ್ತದೆ ಎಂದು ಬರೆದು ಕೊಡದಿದ್ದರೆ, ಅಥವಾ ಒಡವೆ ಅಡ ಇಡದೆ ಆಗದು ಎಂದಾದರೆ, ಈ ಸಲ ಬಿಡಿ. ವೀಸಾ ಅರ್ಜಿಗೆ ಮೂರು ತಿಂಗಳಾದರೂ ಬೇಕು, ಆದ್ದರಿಂದ ತೀರ್ಮಾನ ಈ ತಿಂಗಳೇ ಆಗಬೇಕು. ಮಗಳಿಗೆ ಒಂದು ಕೆಲಸ ಕೊಡಿ: ಕಾಲೇಜಿಗೆ, ಬ್ಯಾಂಕಿಗೆ, ವೀಸಾ ಕಚೇರಿಗೆ ನೀವಾಗಲಿ ಭಾಮೈದನಾಗಲಿ ಹೋಗಬೇಡಿ, ಅವಳೇ ಓಡಾಡಿ ಕಾಗದ ತಂದು ನಿಮ್ಮ ಮುಂದೆ ಇಡಲಿ. ಅದನ್ನು ಮಾಡಿದಳಾದರೆ ಅಲ್ಲಿಯೂ ಮಾಡುತ್ತಾಳೆ.

ಇನ್ನು ಅವಳ ತಾಯಿಗೆ: ಕಳಿಸಿ. ಮೂರು ಲೀಟರಿನದು ಸಾಕು. ಅಲ್ಯೂಮಿನಿಯಂ ಬೇಡ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಇರಲಿ, ಅಲ್ಲಿ ಗ್ಯಾಸ್ ಒಲೆ ಇರುವುದು ಅಪರೂಪ. ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡಿ, ಕೈಚೀಲದಲ್ಲಿ ಬೇಡ. ಎರಡು ಗ್ಯಾಸ್ಕೆಟ್ ಮತ್ತು ಒಂದು ಸೇಫ್ಟಿ ವಾಲ್ವ್ ಹೆಚ್ಚಿಗೆ ಕೊಡಿ, ಅಲ್ಲಿ ಹುಡುಕಿದರೂ ನಮ್ಮ ಅಳತೆಯದು ಸಿಗುವುದು ಕಷ್ಟ. ಅಕ್ಕಿ ಬೇಳೆ ಹೊರಿಸಬೇಡಿ, ಏಷ್ಯದವರ, ಟರ್ಕಿಯವರ ಅಂಗಡಿಗಳಲ್ಲಿ ಸಿಗುತ್ತದೆ. ಸಾರಿನ ಪುಡಿ ಮಾತ್ರ ಮನೆಯದೇ ಕೊಡಿ. ರಾತ್ರಿ ಹತ್ತರ ಮೇಲೆ ಅಲ್ಲಿ ಸದ್ದು ಮಾಡುವಂತಿಲ್ಲ, ಆದ್ದರಿಂದ ಮೂರು ವಿಷಲ್ ಕೂಗಿಸುವುದಿದ್ದರೆ ಹತ್ತರೊಳಗೆ ಮುಗಿಸಲು ಹೇಳಿ.